ಜೌಗಿನ ಬೆಂಕಿಗೆ ನೀರೇ ಯಜಮಾನ

ನೀರು ನಿಂತ ನೆಲಕ್ಕೆ ಬೆಂಕಿ ಬೀಳುತ್ತದೆಯೇ? ಬೀಳುತ್ತದೆ. ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುವ ಜೌಗಿನಲ್ಲಿ, ಬುಡದಲ್ಲಿ ನೀರಿರುವಾಗಲೇ ಮೇಲೆ ಹುಲ್ಲು ಧಗಧಗ ಉರಿಯುತ್ತದೆ. ಉರಿದು ಕಪ್ಪಾದ ಜಾಗ ಕೆಲವೇ ದಿನಗಳಲ್ಲಿ ಮತ್ತೆ ಹಸಿರಾಗುತ್ತದೆ. ಕೆಲವು ಸಲ ಮಾತ್ರ ಹಸಿರು ಮರಳಿ ಬರುವುದೇ ಇಲ್ಲ. ಸಸ್ಯ ಅದೇ, ನೆಲವೂ ಅದೇ. ಒಮ್ಮೆ ಬದುಕಿತು, ಇನ್ನೊಮ್ಮೆ ಸತ್ತಿತು. ಯಾಕೆ ಹೀಗೆ?

ಇವತ್ತಿನ ನನ್ನ ಮಾತು ಈ ಒಂದು ಪ್ರಶ್ನೆಯ ಸುತ್ತಲೇ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಜೌಗಿನಲ್ಲಿ ಬೆಂಕಿ ಒಳ್ಳೆಯದು ಮಾಡುತ್ತದೋ ಕೆಟ್ಟದ್ದು ಮಾಡುತ್ತದೋ ಎಂಬುದನ್ನು ತೀರ್ಮಾನಿಸುವುದು ನೀರು. ಬೆಂಕಿಗೆ ಮೊದಲು ನೀರು ಎಷ್ಟಿತ್ತು, ಬೆಂಕಿ ಆರಿದ ಮೇಲೆ ನೀರು ಎಷ್ಟು ಏರಿತು, ಈ ಎರಡು ಲೆಕ್ಕ ಗೊತ್ತಾದರೆ ಉಳಿದದ್ದು ಬಹುಪಾಲು ಗೊತ್ತಾದಂತೆ.

ಇದನ್ನು ವಿವರಿಸಲು ನಿಮ್ಮನ್ನು ಸ್ವಲ್ಪ ದೂರ ಕರೆದೊಯ್ಯಬೇಕು. ಅಮೆರಿಕದ ದಕ್ಷಿಣ ತುದಿಯಲ್ಲಿ ಫ್ಲಾರಿಡಾ ಎಂಬ ರಾಜ್ಯವಿದೆ. ಅಲ್ಲಿ ಎವರ್‌ಗ್ಲೇಡ್ಸ್ ಎಂಬ ದೊಡ್ಡ ಜೌಗಿದೆ. ಓಕಿಚೋಬಿ ಎಂಬ ಸರೋವರದಿಂದ ಸಮುದ್ರದವರೆಗೆ, ಹಿಂದೆ ಅದರ ಉದ್ದ ಸುಮಾರು 160 ಕಿಲೋಮೀಟರ್ ಇತ್ತು. ಕಾಲುವೆ ತೋಡಿ, ಹೊಲ ಮಾಡಿ, ಊರು ಕಟ್ಟಿ, ಈಗ ಹೆಚ್ಚುಕಡಿಮೆ ಅರ್ಧ ಉಳಿದಿದೆ. ದಂಡೆಗಳಿರುವ ನದಿಯನ್ನು ಅಲ್ಲಿ ಹುಡುಕಬೇಡಿ. ಕಣ್ಣು ಹಾಯುವಷ್ಟು ದೂರ ಸಮತಟ್ಟು ನೆಲ. ಇಳಿಜಾರು ಕಿಲೋಮೀಟರಿಗೆ ಮೂರು ಸೆಂಟಿಮೀಟರಿನಷ್ಟು. ಅದರ ಮೇಲೆ ತೆಳುವಾದ ನೀರು ಬಲು ನಿಧಾನವಾಗಿ ತೆಂಕಣಕ್ಕೆ ಜಾರುತ್ತದೆ. ನೀರಿನ ತುಂಬ ಆಳೆತ್ತರದ ಹುಲ್ಲು.

ಆ ಹುಲ್ಲಿಗೆ ಅಲ್ಲಿಯವರು ಸಾಗ್ರಾಸ್ ಎನ್ನುತ್ತಾರೆ. ನಾವು ಗರಗಸ ಹುಲ್ಲು ಎಂದು ಕರೆಯೋಣ. ಎಲೆಯ ಎರಡೂ ಅಂಚಿನಲ್ಲಿ, ನಡುವಿನ ಏಣಿನಲ್ಲಿ ಚೂಪಾದ ಸಣ್ಣ ಹಲ್ಲುಗಳು. ಬೆರಳನ್ನು ಬುಡದಿಂದ ತುದಿಯ ಕಡೆ ಸವರಿದರೆ ಅಷ್ಟೇನೂ ತಾಗುವುದಿಲ್ಲ. ತುದಿಯಿಂದ ಬುಡಕ್ಕೆ ಎಳೆದರೆ ಚರ್ಮ ಕೊಯ್ಯುತ್ತದೆ. ಸಸ್ಯಶಾಸ್ತ್ರದ ಪ್ರಕಾರ ಇದು ಜೇಕಿನ ಜಾತಿಯದು. ನಮ್ಮ ಹೊಲಗಳಲ್ಲಿ ರೈತರನ್ನು ಕಾಡುವ ಕೊನ್ನಾರಿ ಗಡ್ಡೆಯ ಬಳಗ. ಗರಗಸ ಹುಲ್ಲು ಎರಡರಿಂದ ಮೂರು ಮೀಟರ್ ಎತ್ತರಕ್ಕೆ ಬೆಳೆಯುತ್ತದೆ.

ಈ ಗರಗಸ ಹುಲ್ಲಿನ ಒಂದು ಗುಣ ಗಮನಿಸಿ. ಅದರ ಹಳೆಯ ಎಲೆ ಒಣಗಿದರೂ ಕಳಚಿ ಬೀಳುವುದಿಲ್ಲ. ಹಸಿರು ಎಲೆಗಳ ನಡುವೆಯೇ ನೇತಾಡುತ್ತ ನಿಲ್ಲುತ್ತದೆ. ಎರಡು ಮೂರು ವರ್ಷ ಕಳೆದರೆ ಮೆದೆಯಲ್ಲಿ ಹಸಿರಿಗಿಂತ ಒಣಗಿದ್ದೇ ಹೆಚ್ಚು. ಒಂದು ಸಿಡಿಲು ಬಡಿದರೆ ಸಾಕು. ಬುಡದಲ್ಲಿ ನೀರಿದ್ದರೂ ಮೇಲಿನ ಒಣ ಎಲೆ ಹೊತ್ತಿಕೊಳ್ಳುತ್ತದೆ. ಹಸಿ ಎಲೆಯನ್ನೂ ಬಿಡುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಜೌಗಿನ ಹುಲ್ಲು ಒಣ ಎಲೆಯನ್ನು ಹೊತ್ತು ನಿಲ್ಲುತ್ತದೆ, ಹಾಗಾಗಿ ನೀರಿನ ಮೇಲೂ ಉರಿಯುತ್ತದೆ. ಇನ್ನು ಮುಂದಿನ ಪ್ರಶ್ನೆ: ಉರಿದ ಮೇಲೆ ಅದು ಬದುಕುವುದು ಹೇಗೆ?

ಗುಟ್ಟು ಸುಳಿಯಲ್ಲಿದೆ. ಮರಗಿಡಗಳ ಬೆಳೆಯುವ ತುದಿ ಕೊಂಬೆಯ ಕೊನೆಯಲ್ಲಿರುತ್ತದೆ. ಕೊಂಬೆ ಸುಟ್ಟರೆ ಆ ತುದಿಯೂ ಸುಡುತ್ತದೆ. ಗರಗಸ ಹುಲ್ಲಿನ ಸುಳಿ ಮೇಲಿಲ್ಲ. ಅದು ಬುಡದಲ್ಲಿ, ಮಣ್ಣಿನ ಮಟ್ಟದಲ್ಲಿ ಕೂತಿದೆ. ಅದರ ಸುತ್ತ ಹಳೆಯ ಎಲೆಗಳ ಬುಡ ಪದರಪದರವಾಗಿ ಸುತ್ತಿಕೊಂಡಿರುತ್ತದೆ. ಆ ಪದರಗಳಲ್ಲಿ ತೇವ ಇರುತ್ತದೆ. ಬುಡದಲ್ಲಿ ನೀರು ನಿಂತಿದ್ದರಂತೂ ಜ್ವಾಲೆ ಕೆಳಗಿಳಿಯಲು ಆಗುವುದೇ ಇಲ್ಲ. ಮೇಲೆ ಎಲ್ಲ ಸುಟ್ಟು ಕರಿಮೋಟು ಉಳಿದರೂ ಒಳಗೆ ಸುಳಿ ಹಸಿಯಾಗಿಯೇ ಇರುತ್ತದೆ.

ಬಾಳೆಗಿಡವನ್ನು ಅಡ್ಡ ಕಡಿದು ಮಾರನೆಯ ದಿನ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಡಿದ ದಿಂಡಿನ ನಡುವಿನಿಂದ ಸುಳಿ ಮೇಲಕ್ಕೆ ಎದ್ದು ನಿಂತಿರುತ್ತದಲ್ಲ, ಗರಗಸ ಹುಲ್ಲಿನದೂ ಹಾಗೆಯೇ. ಬೆಂಕಿ ಆರಿದ ಒಂದೆರಡು ದಿನದಲ್ಲೇ ಕರಿಮೋಟಿನ ನಡುವಿನಿಂದ ತಿಳಿಹಸಿರು ಎಲೆ ಇಣುಕುತ್ತದೆ. ಅದರ ತುದಿ ಮಾತ್ರ ಸುಟ್ಟು ಚೌಕಾಗಿರುತ್ತದೆ, ಯಾಕೆಂದರೆ ಅದು ಬೆಂಕಿಗೆ ಮೊದಲೇ ಹುಟ್ಟಿದ ಎಲೆ. ಎರಡು ವಾರ ಕಳೆಯುವಷ್ಟರಲ್ಲಿ ಗೇಣುದ್ದ ದಾಟುತ್ತದೆ. ಸುಮಾರು ಎರಡು ವರ್ಷದಲ್ಲಿ ಮೆದೆ ಮೊದಲಿನ ದಟ್ಟಣೆಗೆ ಬರುತ್ತದೆ.

ಬೆಂಕಿಯಿಂದ ಜೌಗಿಗೆ ಲಾಭವೂ ಇದೆ. ಒಣ ಎಲೆಯಲ್ಲಿ ಸಿಕ್ಕಿಬಿದ್ದ ಸತ್ವ ಬೂದಿಯಾಗಿ ನೀರಿಗೆ ಇಳಿಯುತ್ತದೆ. ನೆರಳು ಹೋಗಿ ಬಿಸಿಲು ನೀರನ್ನು ಮುಟ್ಟುತ್ತದೆ. ಮೆದೆಯ ಕೆಳಗೆ ಕತ್ತಲಲ್ಲಿ ಕಾದಿದ್ದ ಸಣ್ಣಪುಟ್ಟ ಗಿಡಗಳಿಗೆ ಜಾಗ ಸಿಗುತ್ತದೆ. ಹೊಸ ಚಿಗುರು ಮೃದು. ಮೇಯುವ ಪ್ರಾಣಿಗೆ ಅದೇ ಬೇಕು. ಜೌಗಿನ ಒಳಕ್ಕೆ ನುಗ್ಗಿ ಬೆಳೆಯುವ ಪೊದೆ, ಎಳೆಯ ಮರ ಹಿಂದೆ ಸರಿಯುತ್ತವೆ. ಹತ್ತಾರು ವರ್ಷ ಬೆಂಕಿಯೇ ಬೀಳದಿದ್ದರೆ ಎಷ್ಟೋ ಹುಲ್ಲು ಜೌಗು ಪೊದೆಗಾಡಾಗುತ್ತದೆ.

ಸುಳಿ ಬುಡದಲ್ಲಿದೆ, ಅದನ್ನು ಕಾಯುವುದು ತೇವ. ಇದನ್ನು ನೆನಪಿಟ್ಟುಕೊಂಡು ಮುಂದಿನ ಹೆಜ್ಜೆ ಇಡೋಣ. ಆ ತೇವವೇ ಇಲ್ಲದಿದ್ದರೆ?

ಇದಕ್ಕೆ ಉತ್ತರ ಇನ್ನೊಂದು ಸೀಮೆಯಲ್ಲಿದೆ. ಅಮೆರಿಕದ ಲೂಸಿಯಾನಾ ಕರಾವಳಿಯಲ್ಲೂ ದೊಡ್ಡ ಜೌಗುಗಳಿವೆ. ಅಲ್ಲಿ ಮಸ್ಕ್ರ್ಯಾಟ್ ಎಂಬ ನೀರಿಲಿಯನ್ನು ತುಪ್ಪುಳಿಗಾಗಿ ಹಿಡಿಯುವವರು ಮೊದಲಿನಿಂದಲೂ ಚಳಿಗಾಲಕ್ಕೆ ಮುನ್ನ ಜೌಗಿಗೆ ಬೆಂಕಿ ಇಡುತ್ತಿದ್ದರು. ಕಾರಣ ಸರಳ. ಅಲ್ಲಿ ಎರಡು ಸಸ್ಯಗಳ ನಡುವೆ ಪೈಪೋಟಿ. ಒಂದು ಮುಮ್ಮೂಲೆ ಕಾಂಡದ ಜೇಕು, ನೀರಿಲಿಗೂ ವಲಸೆ ಬರುವ ಬಾತುಗಳಿಗೂ ಪ್ರಿಯವಾದದ್ದು. ಇನ್ನೊಂದು ಒರಟು ಹುಲ್ಲು. ಸುಟ್ಟಾಗ ಜೇಕು ತಂಪು ದಿನಗಳಲ್ಲೇ ಮೊದಲು ಚಿಗುರಿ ಜಾಗ ಹಿಡಿಯುತ್ತದೆ. ಒರಟು ಹುಲ್ಲು ಹಿಂದೆ ಬೀಳುತ್ತದೆ. ಸುಡುವ ಕಾಲವನ್ನು ಆರಿಸಿಯೇ ಯಾವ ಸಸ್ಯ ಗೆಲ್ಲಬೇಕೆಂದು ಅವರು ನಿರ್ಧರಿಸುತ್ತಿದ್ದರು.

ಆ ಸೀಮೆಯ ವನ್ಯಜೀವಿ ತಜ್ಞರು ತೇವ ನೋಡಿ ಜೌಗಿನ ಬೆಂಕಿಯನ್ನು ಮೂರು ಬಗೆ ಮಾಡುತ್ತಾರೆ. ಕೇಳುಗರು ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಮೊದಲನೆಯದು ಹೊದಿಕೆ ಬೆಂಕಿ. ಬೇರಿನ ಮೇಲೆ ನೀರಿದೆ, ಇಲ್ಲವೇ ಮಣ್ಣು ನೆಂದಿದೆ. ಮೇಲಿನ ಹೊದಿಕೆ ಮಾತ್ರ ಸುಡುತ್ತದೆ. ಬೇರು, ಸುಳಿ, ಗಡ್ಡೆ ಎಲ್ಲ ಕ್ಷೇಮ.

ಎರಡನೆಯದು ಬೇರು ಬೆಂಕಿ. ನೀರು ಕೆಳಗಿಳಿದಿದೆ. ಮಣ್ಣಿನ ಮೇಲ್ಪದರ ಒಣಗಿದೆ. ಬಿಸಿ ಒಳಕ್ಕಿಳಿದು ಮೇಲು ಬೇರಿನ ಸಸ್ಯಗಳನ್ನು ಕೊಲ್ಲುತ್ತದೆ. ಆಳ ಬೇರಿನವು ಉಳಿಯುತ್ತವೆ.

ಮೂರನೆಯದು ಮಣ್ಣಿನ ಬೆಂಕಿ. ಇದೇ ಭಯಂಕರ. ಎಷ್ಟೋ ಜೌಗುಗಳ ಮಣ್ಣು ನಮ್ಮ ಎರೆಮಣ್ಣಿನಂತಹದ್ದಲ್ಲ. ಸತ್ತ ಎಲೆ, ಬೇರು ನೀರಿನಡಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರಗಟ್ಟಿ ಆದ ಮಣ್ಣು. ಅದಕ್ಕೆ ಪೀಟ್ ಎಂದು ಹೆಸರು. ನೆಂದಿರುವಾಗ ಅದು ಮಣ್ಣು. ಒಣಗಿದರೆ ಅದೇ ಸೌದೆ. ಒಮ್ಮೆ ಹೊತ್ತಿಕೊಂಡರೆ ಜ್ವಾಲೆಯಿಲ್ಲದೆ, ನೆಲದೊಳಗೇ, ವಾರಗಟ್ಟಲೆ ಹೊಗೆಯಾಡುತ್ತ ಸಾಗುತ್ತದೆ. ಮೇಲೆ ನಿಂತ ಸಸ್ಯದ ಬುಡವೇ ಬೂದಿಯಾಗಿ ಕುಸಿಯುತ್ತದೆ. ಸುಳಿಯೂ ಉಳಿಯುವುದಿಲ್ಲ, ಬೀಜವೂ ಉಳಿಯುವುದಿಲ್ಲ. ನೆಲವೇ ತಗ್ಗಾಗಿ, ಮಳೆ ಬಂದಾಗ ಅಲ್ಲಿ ಹೊಂಡ ನಿಲ್ಲುತ್ತದೆ. ಎವರ್‌ಗ್ಲೇಡ್ಸ್‌ನಲ್ಲಿ ಒಂದಡಿ ಪೀಟ್ ಕೂಡಲು ಕೆಲವು ನೂರು ವರ್ಷ ಬೇಕು. ಅದು ಉರಿದುಹೋಗಲು ಒಂದು ಬೇಸಿಗೆ ಸಾಕು.

ಇದು ಊಹೆಯ ಮಾತಲ್ಲ. 1880ರ ದಶಕದಿಂದಲೇ ಎವರ್‌ಗ್ಲೇಡ್ಸ್‌ನ ನೀರನ್ನು ಬಸಿದು ಹೊಲ ಮಾಡುವ ಕೆಲಸ ಶುರುವಾಯಿತು. 1905ರ ನಂತರ ದೊಡ್ಡ ದೊಡ್ಡ ಕಾಲುವೆಗಳು ಬಂದವು. ನೀರು ಇಳಿಯಿತು, ಪೀಟ್ ಒಣಗಿತು. 1930 ಮತ್ತು 40ರ ದಶಕದ ಬರಗಾಲಗಳಲ್ಲಿ ಆ ಮಣ್ಣು ಹೊತ್ತಿ ಉರಿಯಿತು.

ಬೆಲ್ ಗ್ಲೇಡ್ ಎಂಬ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಂದು ಕಾಂಕ್ರೀಟ್ ಕಂಬವಿದೆ. 1924ರಲ್ಲಿ ಒಂಬತ್ತು ಅಡಿಯ ಆ ಕಂಬವನ್ನು ಕೆಳಗಿನ ಬಂಡೆಗೆ ತಾಗುವಂತೆ ಹುಗಿದರು. ಕಂಬದ ತಲೆ ಆಗ ನೆಲದ ಮಟ್ಟಕ್ಕೆ ಸರಿಯಾಗಿತ್ತು. ಈಗ ಕಂಬ ಸುಮಾರು ಆರು ಅಡಿ ಹೊರಗೆ ನಿಂತಿದೆ. ಕಂಬ ಮೇಲೆದ್ದಿಲ್ಲ, ನೆಲ ಕೆಳಗಿಳಿದಿದೆ. ಬಸಿದ ಪೀಟಿಗೆ ಗಾಳಿ ತಾಗಿ ಅದು ಕೊಳೆತು ಕರಗಿದ್ದು ಇದಕ್ಕೆ ಮುಖ್ಯ ಕಾರಣ. ಆ ಸೀಮೆಯಲ್ಲಿ ಬೆಂಕಿಯೂ ತನ್ನ ಪಾಲು ಸೇರಿಸಿತು. ಎರಡಕ್ಕೂ ಮೂಲ ಒಂದೇ: ನೀರನ್ನು ಹೊರಗಟ್ಟಿದ್ದು.

ಹಾಗಾದರೆ ಮೊದಲ ಲೆಕ್ಕ ಇದು. ಬೆಂಕಿಗೆ ಮುನ್ನ ಬುಡದಲ್ಲಿ ನೀರಿದ್ದರೆ ಹೊದಿಕೆ ಮಾತ್ರ ಹೋಗುತ್ತದೆ. ನೀರಿಲ್ಲದಿದ್ದರೆ ನೆಲವೇ ಹೋಗುತ್ತದೆ. ಈಗ ಎರಡನೆಯ ಲೆಕ್ಕಕ್ಕೆ ಬರೋಣ. ಬೆಂಕಿ ಆರಿದ ಮೇಲೆ ನೀರು ಏನು ಮಾಡುತ್ತದೆ?

ಇಲ್ಲೊಂದು ವಿಚಿತ್ರವಿದೆ. ನೀರಿನಲ್ಲೇ ಹುಟ್ಟಿ ಬೆಳೆದ ಸಸ್ಯ ನೀರಿನಲ್ಲೇ ಮುಳುಗಿ ಸಾಯಬಲ್ಲದು. ಜೌಗಿನ ಮಣ್ಣಿನಲ್ಲಿ ಗಾಳಿ ಇಲ್ಲ. ಬೇರಿಗೆ ಉಸಿರು ಬೇಕು. ಆ ಉಸಿರು ಎಲೆಯ ಮೂಲಕವೇ ಇಳಿಯಬೇಕು. ನಿಮ್ಮೂರ ಕೆರೆಯ ಅಂಚಿನಲ್ಲಿ ಜೊಂಡು ಇದ್ದರೆ, ಕೆಲವರು ಆಪು ಎಂದೂ ಹೇಳುತ್ತಾರೆ, ಅದರ ಒಂದು ಎಲೆಯನ್ನು ಬುಡದ ಹತ್ತಿರ ಅಡ್ಡ ಕೊಯ್ದು ನೋಡಿ. ಒಳಗೆ ಸಾಲುಸಾಲಾಗಿ ಸಣ್ಣ ಕೋಣೆಗಳು. ಬೆರಳಲ್ಲಿ ಒತ್ತಿದರೆ ಅಮುಕುತ್ತದೆ. ನೀರಿನಲ್ಲಿ ಅದ್ದಿ ಹಿಂಡಿದರೆ ಗುಳ್ಳೆ ಏಳುತ್ತದೆ. ಅದು ಗಾಳಿಯ ದಾರಿ. ಮೇಲಿನ ಗಾಳಿ ಆ ಕೋಣೆಗಳ ಮೂಲಕ ಕೆಸರಿನೊಳಗಿನ ಗೆಡ್ಡೆಗೂ ಬೇರಿಗೂ ತಲುಪುತ್ತದೆ.

ಬೆಂಕಿ ಎಲೆಯನ್ನು ಸುಟ್ಟಾಗ ಈ ದಾರಿಯ ಬಾಯಿ ಮೋಟಾಗುತ್ತದೆ. ಮೋಟು ನೀರಿನ ಮೇಲಿದ್ದರೆ ತೊಂದರೆಯಿಲ್ಲ, ಗಾಳಿ ಇಳಿಯುತ್ತಲೇ ಇರುತ್ತದೆ. ಹೊಸ ಎಲೆ ಬೆಳೆಯುತ್ತದೆ. ಆದರೆ ಬೆಂಕಿ ಆರಿದ ಕೆಲವೇ ದಿನಗಳಲ್ಲಿ ಜೋರು ಮಳೆ ಬಂದು, ಅಥವಾ ಕಾಲುವೆಯ ತೂಬು ತೆರೆದು, ನೀರು ಮೋಟನ್ನೂ ಚಿಗುರನ್ನೂ ಮುಳುಗಿಸಿದರೆ ಬೇರಿಗೆ ಉಸಿರು ನಿಂತಂತೆ. ಹಾಗೆ ಕೆಲವು ವಾರ ಮುಳುಗಿಯೇ ಇದ್ದರೆ ಗರಗಸ ಹುಲ್ಲು ಸತ್ತೇಹೋಗುತ್ತದೆ. ಎವರ್‌ಗ್ಲೇಡ್ಸ್‌ನಲ್ಲಿ ವಿಜ್ಞಾನಿಗಳು ಇದನ್ನು ಕಣ್ಣಾರೆ ಕಂಡು ಬರೆದಿದ್ದಾರೆ. ಬೆಂಕಿ ಕೊಲ್ಲದ ಹುಲ್ಲನ್ನು ಬೆಂಕಿಯ ಹಿಂದೆ ಬಂದ ನೆರೆ ಕೊಂದಿತ್ತು.

ನಿಸರ್ಗದ ಲೆಕ್ಕ ಇಲ್ಲಿ ಎಷ್ಟು ಹದವಾಗಿದೆ ನೋಡಿ. ಫ್ಲಾರಿಡಾದಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಒಣಗಾಲ. ಮೇ ತಿಂಗಳಲ್ಲಿ ಗುಡುಗು ಸಿಡಿಲು ಶುರು. ಸಿಡಿಲಿನ ಬೆಂಕಿ ಬೀಳುವ ಹೊತ್ತಿಗೆ ಮೊದಲ ಮಳೆಗಳೂ ಬಂದು ಮಣ್ಣು ನೆನೆಯತೊಡಗಿರುತ್ತದೆ. ಆಮೇಲೆ ನೀರು ನಿಧಾನವಾಗಿ ಏರುತ್ತದೆ. ಚಿಗುರು ಮುಂದೆ, ನೀರು ಹಿಂದೆ. ಮನುಷ್ಯ ನಡು ಒಣಗಾಲದಲ್ಲಿ ಕಡ್ಡಿ ಗೀರಿದಾಗ, ಇಲ್ಲವೇ ತೂಬು ತೆರೆದು ಒಮ್ಮೆಗೇ ನೀರು ಬಿಟ್ಟಾಗ ಆ ಹದ ಕೆಡುತ್ತದೆ.

ಎರಡೂ ಲೆಕ್ಕ ಈಗ ಕೈಗೆ ಬಂತು. ಮೊದಲು ತೇವ ಇರಬೇಕು. ಆಮೇಲೆ ನೀರು ಚಿಗುರನ್ನು ಹಿಂದೆ ಹಾಕಬಾರದು. ಯೋಜಿಸಿ ಹಚ್ಚುವ ಬೆಂಕಿ ಎಂದರೆ ಈ ಎರಡು ಲೆಕ್ಕವನ್ನು ಮನುಷ್ಯ ಮೊದಲೇ ಹಾಕುವುದು.

ಅಮೆರಿಕದಲ್ಲಿ ಬಹುಕಾಲ ಬೆಂಕಿ ಎಂದರೆ ಶತ್ರು, ಕಂಡಲ್ಲಿ ಆರಿಸು ಎಂಬ ನೀತಿ ಇತ್ತು. ಎವರ್‌ಗ್ಲೇಡ್ಸ್‌ನ ಒಂದು ಭಾಗ 1947ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವಿಲಿಯಂ ರಾಬರ್ಟ್‌ಸನ್ ಎಂಬ ಜೀವವಿಜ್ಞಾನಿ ಅಲ್ಲಿನ ಬೆಂಕಿಯ ಪರಿಣಾಮಗಳನ್ನು ಅಧ್ಯಯನ ಮಾಡಿ 1953ರಲ್ಲಿ ವರದಿ ಬರೆದರು. ಈ ನೆಲದ ಸಸ್ಯಗಳು ಬೆಂಕಿಯ ಜೊತೆಗೇ ಬಾಳಿಬಂದವು ಎಂಬುದು ಅದರ ತಿರುಳು. 1958ರಲ್ಲಿ ಅಲ್ಲಿ ಬೇಕೆಂದೇ ಬೆಂಕಿ ಹಚ್ಚಿದರು. ಆ ದೇಶದ ರಾಷ್ಟ್ರೀಯ ಉದ್ಯಾನಗಳಲ್ಲಿ ಹಾಗೆ ಹಚ್ಚಿದ ಮೊದಲ ಬೆಂಕಿ ಅದು.

ಈಗ ಅಲ್ಲಿನ ಸಿಬ್ಬಂದಿ ಬೆಂಕಿ ಹಚ್ಚುವ ಮೊದಲು ನೀರಿನ ಮಟ್ಟ ನೋಡುತ್ತಾರೆ, ಮಣ್ಣಿನ ತೇವ ನೋಡುತ್ತಾರೆ. ಗಾಳಿಯ ದಿಕ್ಕು, ವೇಗ, ಗಾಳಿಯಲ್ಲಿನ ತೇವಾಂಶ, ಹೊಗೆ ಯಾವ ಊರಿನ ಕಡೆ ಹೋದೀತು, ಎಲ್ಲವನ್ನೂ ಬರೆದಿಡುತ್ತಾರೆ. ಒಂದು ಲೆಕ್ಕ ತಪ್ಪಿದರೂ ಆ ದಿನ ಬೆಂಕಿ ಇಲ್ಲ. ನಡೆದು ಹೋಗಲಾಗದ ಕಡೆ ಹೆಲಿಕಾಪ್ಟರಿನಿಂದ ಪಿಂಗ್‌ಪಾಂಗ್ ಚೆಂಡಿನ ಗಾತ್ರದ ಗೋಲಿಗಳನ್ನು ಉದುರಿಸುತ್ತಾರೆ. ಅವುಗಳಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಇರುತ್ತದೆ. ಬೀಳಿಸುವ ಗಳಿಗೆಯಲ್ಲಿ ಅದಕ್ಕೆ ಗ್ಲೈಕಾಲ್ ಚುಚ್ಚುತ್ತಾರೆ. ಎರಡೂ ಕೂಡಿ ಕೆಲವು ಕ್ಷಣಗಳಲ್ಲಿ ಹೊತ್ತಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿದರೂ ಬೆಂಕಿ ಎಲ್ಲ ರೋಗಕ್ಕೂ ಮದ್ದಲ್ಲ. ಆಸ್ಟ್ರೇಲಿಯಾದಿಂದ ತಂದು ನೆಟ್ಟ ಮೆಲಲೂಕ ಎಂಬ ಮರ ಎವರ್‌ಗ್ಲೇಡ್ಸ್‌ನ ದೊಡ್ಡ ಪಿಡುಗು. ಅದರ ಕಾಯಿಗಳು ವರ್ಷಗಟ್ಟಲೆ ಮುಚ್ಚಿಯೇ ಇರುತ್ತವೆ. ಬೆಂಕಿ ತಾಗಿದರೆ ಬಾಯಿ ತೆರೆದು ಲಕ್ಷಗಟ್ಟಲೆ ಬೀಜ ಸುರಿಸುತ್ತವೆ. ಅಲ್ಲಿ ಕುರುಡಾಗಿ ಬೆಂಕಿ ಹಚ್ಚುವುದೆಂದರೆ ಪಿಡುಗನ್ನೇ ಬಿತ್ತುವುದು. ಕಬ್ಬಿನ ಹೊಲಗಳ ಗೊಬ್ಬರ ಹರಿದು ರಂಜಕ ಹೆಚ್ಚಾದ ಕಡೆ ಗರಗಸ ಹುಲ್ಲಿನ ಜಾಗವನ್ನು ಜೊಂಡು ಹಿಡಿದಿದೆ. ಪೀಟ್ ಆಳವಾಗಿ ಸುಟ್ಟರೆ ಇನ್ನಷ್ಟು ರಂಜಕ ಬಿಡುಗಡೆಯಾಗಿ ಜೊಂಡಿಗೇ ಅನುಕೂಲ.

ಇಷ್ಟು ಹೊತ್ತು ದೂರದ ಮಾತಾಯಿತು. ನೀರು ಯಜಮಾನ ಎಂಬ ಇದೇ ಮಾತನ್ನು ಹಿಡಿದು ನಮ್ಮ ದೇಶಕ್ಕೆ, ನಮ್ಮ ನಾಡಿಗೆ ಬರೋಣ.

ಅಸ್ಸಾಮಿನ ಕಾಜಿರಂಗ ನಿಮಗೆ ಗೊತ್ತು. ಬ್ರಹ್ಮಪುತ್ರೆಯ ನೆರೆಬಯಲು, ಒಂಟಿಕೊಂಬಿನ ಘೇಂಡಾಮೃಗದ ನೆಲೆ. ಅಲ್ಲಿ ಆನೆ ಮುಳುಗುವಷ್ಟು ಎತ್ತರದ ಹುಲ್ಲಿದೆ. ಚಳಿಗಾಲ ಮುಗಿಯುವ ಹೊತ್ತಿಗೆ ಅರಣ್ಯ ಇಲಾಖೆಯವರು ಪ್ರತಿವರ್ಷ ಅದನ್ನು ಭಾಗಭಾಗವಾಗಿ ಸುಡುತ್ತಾರೆ. ಹೊಸ ಚಿಗುರು ಘೇಂಡಾಮೃಗಕ್ಕೂ ಜಿಂಕೆಗಳಿಗೂ ಮೇವು. ಮುಂಗಾರಿನಲ್ಲಿ ನೆರೆ ಬರುವ ಹೊತ್ತಿಗೆ ಹುಲ್ಲು ಎದ್ದು ನಿಂತಿರಬೇಕು. ಅಲ್ಲೂ ಅದೇ ಓಟ, ಚಿಗುರು ಮುಂದೆ, ನೀರು ಹಿಂದೆ. ಸುಡುವುದು ತಡವಾದರೆ ಇನ್ನೊಂದು ಅಪಾಯವಿದೆ. ಬೆಂಗಾಲ್ ಫ್ಲೋರಿಕನ್ ಎಂಬ ಹಕ್ಕಿ ಆ ಹುಲ್ಲಿನ ನೆಲದ ಮೇಲೇ ಮೊಟ್ಟೆ ಇಡುತ್ತದೆ. ಅದು ನಮ್ಮ ಎರೆಭೂತ ಹಕ್ಕಿಯ ಬಳಗದ್ದು, ಅದರಂತೆಯೇ ಅಳಿವಿನ ಅಂಚಿನಲ್ಲಿದೆ. ಗೂಡಿನ ಕಾಲ ಶುರುವಾದ ಮೇಲೆ ಬೆಂಕಿ ಹಚ್ಚಿದರೆ ಮೊಟ್ಟೆ, ಮರಿ ಹೋಗುತ್ತವೆ.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೂ ಈ ಲೆಕ್ಕ ಗೊತ್ತಿತ್ತು. ಅದು ಜೌಗಲ್ಲ, ಕಾಡು. ಆದರೂ ವಿವೇಕ ಅದೇ. ಒಣಗಾಲದ ಆರಂಭದಲ್ಲಿ, ನೆಲ ಪೂರ್ತಿ ಒಣಗುವ ಮೊದಲೇ ಅವರು ತರಗು ಬೆಂಕಿ ಹಾಕುತ್ತಿದ್ದರು. ಕೆಳಗಿನ ತರಗೆಲೆ, ಹುಲ್ಲು ಸಣ್ಣಗೆ ಸುಡುತ್ತಿತ್ತು, ಮರಕ್ಕೆ ಏರುತ್ತಿರಲಿಲ್ಲ. ಆ ಪದ್ಧತಿ ನಿಂತ ಮೇಲೆ ಲಂಟಾನ ಕಾಡನ್ನು ಮುಚ್ಚಿತು ಎಂದು ಸೋಲಿಗ ಹಿರಿಯರು ಹೇಳುತ್ತಲೇ ಬಂದಿದ್ದಾರೆ.

ಇನ್ನು ಉತ್ತರ ಕನ್ನಡದ ರಾಮಪತ್ರೆ ಜಡ್ಡಿ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಕಡೆ ಮರಗಳೇ ನೀರಿನಲ್ಲಿ ನಿಂತಿವೆ. ಕೆಸರಿನಿಂದ ಮೊಣಕಾಲು ಮಡಿಸಿದಂತೆ ಬೇರುಗಳು ಮೇಲೆದ್ದು ಉಸಿರಾಡುತ್ತವೆ. ಬೀಜ ಒಣಗಿದರೆ ಮೊಳೆಯುವುದಿಲ್ಲ. ಇವು ಬೆಂಕಿಯ ಜೊತೆ ಬಾಳಿದ ಮರಗಳಲ್ಲ. ಇಲ್ಲಿ ಬುಡದಲ್ಲಿ ಅಡಗಿ ಕಾಯುವ ಸುಳಿ ಇಲ್ಲ. ಹುಲ್ಲಿನ ಜೌಗಿಗೆ ಸರಿಯಾದ ಬೆಂಕಿ ಜಡ್ಡಿಗೆ ಮೃತ್ಯು. ಅಲ್ಲಿ ಒಂದು ಕಿಡಿಯೂ ಬೀಳಬಾರದು.

ಕೊನೆಯದಾಗಿ ನಮ್ಮ ಕೆರೆಗಳು. 2018ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯಂಗಳದ ಒಣಹುಲ್ಲಿಗೆ ಬೆಂಕಿ ಬಿತ್ತು. ಆರಿಸಲು ಸಾವಿರಾರು ಸೈನಿಕರು ಇಳಿಯಬೇಕಾಯಿತು. ಹಳ್ಳಿಗಳಲ್ಲೂ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಜೊಂಡಿಗೆ ಬೆಂಕಿ ಇಡುವುದುಂಟು. ಜೊಂಡು ಹೋಯಿತು ಎಂದು ಸಮಾಧಾನ ಪಡುತ್ತೇವೆ. ಅದು ಹೋಗಿರುವುದಿಲ್ಲ. ಗೆಡ್ಡೆ ಕೆಸರಿನ ಆಳದಲ್ಲಿ ಭದ್ರವಾಗಿರುತ್ತದೆ. ಬೂದಿಯ ಗೊಬ್ಬರ ಉಂಡು ಮುಂದಿನ ಮಳೆಗೆ ಇನ್ನೂ ಜೋರಾಗಿ ಏಳುತ್ತದೆ. ಸತ್ತದ್ದು ಆಮೆ, ಹಾವು, ಕಪ್ಪೆ, ಜೊಂಡಿನಲ್ಲಿ ಗೂಡು ಕಟ್ಟುವ ಹಕ್ಕಿಯ ಮರಿ. ಜೊಂಡನ್ನು ತಗ್ಗಿಸಲೇಬೇಕಾದರೆ ದಾರಿ ಬೇರೆ. ನಾನು ಹೇಳಿದ ಗಾಳಿಯ ದಾರಿ ನೆನಪಿಸಿಕೊಳ್ಳಿ. ಕೆರೆ ತುಂಬುವ ಮುನ್ನ ಜೊಂಡನ್ನು ಬುಡಕ್ಕೆ ಕೊಯ್ಯಬೇಕು. ಮೋಟಿನ ಮೇಲೆ ನೀರು ನಿಂತು, ಹಾಗೇ ಕೆಲವು ವಾರ ನಿಲ್ಲಬೇಕು. ಗೆಡ್ಡೆ ಉಸಿರು ಕಟ್ಟಿ ಸಾಯುತ್ತದೆ. ಅದಕ್ಕೆ ಕುಡುಗೋಲು ಸಾಕು, ಕಡ್ಡಿಪೆಟ್ಟಿಗೆ ಬೇಡ. ಅದೂ ಕೆರೆಯ ಅರ್ಧಕ್ಕೆ ಮಾತ್ರ. ಉಳಿದರ್ಧ ಹಕ್ಕಿಗಳಿಗೆ ಇರಲಿ.

ಕೇಳುಗರೇ, ಒಟ್ಟು ಮಾತನ್ನು ಕೂಡಿಸುತ್ತೇನೆ. ಜೌಗಿನ ಹುಲ್ಲು ಬೆಂಕಿಗೆ ಹೆದರುವುದಿಲ್ಲ, ಅದರ ಸುಳಿ ಬುಡದಲ್ಲಿದೆ. ಆ ಸುಳಿಯನ್ನು ಕಾಯುವುದು ಬುಡದ ನೀರು. ನೀರಿಲ್ಲದಾಗ ಬಿದ್ದ ಬೆಂಕಿ ನೆಲವನ್ನೇ ತಿನ್ನುತ್ತದೆ. ಬೆಂಕಿಯ ಹಿಂದೆಯೇ ಏರಿದ ನೀರು ಚಿಗುರನ್ನು ಮುಳುಗಿಸುತ್ತದೆ. ಮರದ ಜೌಗಿಗೆ ಬೆಂಕಿಯೇ ಬೇಡ.

ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ಈ ಬೇಸಿಗೆಯಲ್ಲಿ ನಿಮ್ಮೂರ ಬತ್ತಿದ ಕೆರೆಯ ಜೊಂಡಿಗೆ ಯಾರಾದರೂ ಬೆಂಕಿ ಇಡಲು ಹೊರಟರೆ ದಯವಿಟ್ಟು ತಡೆಯಿರಿ. ಪಂಚಾಯಿತಿಯಲ್ಲಿ ಈ ಮಾತು ಎತ್ತಿರಿ. ಬೆಂಕಿ ಹಚ್ಚುವ ಕೆಲಸವನ್ನು ನೀರಿನ ಲೆಕ್ಕ ಬಲ್ಲವರಿಗೆ ಬಿಡಿ. ನೀರಿನ ಲೆಕ್ಕ ಹಾಕದೆ ಜೌಗಿಗೆ ಬೆಂಕಿ ಹಚ್ಚುವ ಹಕ್ಕು ನಮಗಾರಿಗೂ ಇಲ್ಲ.